ಹಳದಿ ಗುರುತು

ಪೆಟ್ಟಿಗೆ ಮೊಣಕಾಲಿಗೆ ತಾಕಿದಾಗಲೆಲ್ಲ ಶಿವರಾಮುವಿನ ಬಾಯಿಂದ ಒಂದು ಬೈಗುಳ ಹೊರಡುತ್ತಿತ್ತು. ಹಿಂಕಲ್ ದಾಟುವಷ್ಟರಲ್ಲಿ ಏಳೆಂಟು ಸಲ ಬೈದಿದ್ದ. ಯಾರನ್ನು ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ರಸ್ತೆಗೆ ಅಡ್ಡ ಹಂಪು ಹಾಕಿದವರನ್ನಿರಬಹುದು, ಎಡಗಡೆಯಿಂದ ನುಗ್ಗಿದ ಆಟೋದವನನ್ನಿರಬಹುದು, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಹಳೆಯ ಕಂಬಳಿ ಸುತ್ತಿಸಿಕೊಂಡು ಕೂಸಿನಂತೆ ಕೂತಿದ್ದ ಆ ಪೆಟ್ಟಿಗೆಯನ್ನೇ ಇರಬಹುದು. ಬೆಳಿಗ್ಗೆ ಆರು ಗಂಟೆಗೆ ಅವ್ವನಿಗೆ ಅಂದ ಮಾತು ಹೊರಗೆ ಬಿದ್ದ ಮೇಲೂ ಬಾಯಲ್ಲೇ ಉಳಿದುಕೊಂಡಿತ್ತು. ಉಗುಳಿದರೆ ಹೋಗುವಂಥದ್ದಲ್ಲ. ಎರಡು ಸಲ ಉಗುಳಿಯೂ ನೋಡಿದ.

ಪೆಟ್ಟಿಗೆಯಲ್ಲಿದ್ದದ್ದು ಯಾದವಗಿರಿಯ ಮೋಹನ್ ಅವರ ಕಾರಿನ ಭಾಗಗಳು. ಅಮೆರಿಕದ ಕಾರ್ಖಾನೆಯೊಂದರಲ್ಲಿ ಎಪ್ಪತ್ತನೆಯ ಇಸವಿಯಲ್ಲಿ ತಯಾರಾದ, ಎರಡೇ ಬಾಗಿಲಿನ, ಉದ್ದ ಮೂತಿಯ, ಹೊರಟರೆ ನಾಲ್ಕು ಬೀದಿಗೆ ಕೇಳುವಂತೆ ಗುಡುಗುವ ಕಾರು. ಮಸಲ್ ಕಾರು ಎನ್ನುತ್ತಾರೆ. ಅದರ ಬಾನೆಟ್ಟಿನ ಎರಡು ಕೀಲುಗಳು, ಒಂದು ಹಿಡಿ ಬೋಲ್ಟು, ಮತ್ತೆ ಬ್ರೇಕ್ ಬೂಸ್ಟರ್ ಎಂಬ, ಮುಚ್ಚಳ ಬಿಗಿದ ತಪ್ಪಲೆಯಂಥ ಗುಂಡನೆಯ ತಗಡಿನ ಡಬ್ಬ. ಇಲವಾಲದ ಮನೆಯ ಹಿಂದಿನ ಶೆಡ್ಡಿನಲ್ಲಿ ಶಿವರಾಮು ಮಾಡುವುದು ಇಂಥವಕ್ಕೆ ಹುಟ್ಟಿದ ದಿನದ ಮೈಬಣ್ಣ ಮರಳಿ ಕೊಡುವ ಕೆಲಸ. ಹೊಳೆಯಿಸುವುದಲ್ಲ, ಹೊಳೆಯಿಸುವುದು ಯಾರಿಗೂ ಬರುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಕೀಲು ಯಾವ ಮಂಕು ಬೂದಿ ಬಣ್ಣದ್ದಿತ್ತೋ ಅದೇ ಮಂಕು ಬರಬೇಕು. ಬೋಲ್ಟಿನ ಮೇಲೆ, ಎಣ್ಣೆ ಬಿದ್ದ ನೀರಿನಲ್ಲಿ ಕಾಣುವಂತೆ, ಹಸಿರು ನೇರಳೆ ಓಡಾಡುವ ಹೊನ್ನಿನ ಛಾಯೆ ಬರಬೇಕು. ಅಲ್ಲಿಯ ಕೆಲಸಗಾರ ಅವಸರದಲ್ಲಿ ಅರ್ಧ ಅದ್ದಿ ತೆಗೆದಿದ್ದರೆ ಇಲ್ಲಿಯೂ ಅರ್ಧವೇ ಅದ್ದಬೇಕು. "ತಪ್ಪನ್ನೂ ಹಾಗೇ ಮಾಡ್ಬೇಕು ಶಿವರಾಮು. ಅಲ್ಲಿ ಪೇಂಟ್ ಸೋರಿದ್ರೆ ಇಲ್ಲೂ ಸೋರ್ಲೇಬೇಕು. ನೀಟ್ ಮಾಡ್ಬಿಟ್ರೆ ಅಸಲಿತನ ಹೋಯ್ತು," ಎಂದು ಮೋಹನ್ ಮೂರು ವರ್ಷದಿಂದ ಹೇಳುತ್ತ ಬಂದಿದ್ದರು. ಶಿವರಾಮು ಕಲಿತ. ಸೋರಿದ ಬಣ್ಣದ ಹನಿ ಎಲ್ಲಿ ನಿಲ್ಲಬೇಕೋ ಅಲ್ಲಿ ಊದಿ ನಿಲ್ಲಿಸುವುದನ್ನು ಕಲಿತ. ಕಲಿತಷ್ಟೂ ಅಪ್ಪ ನೆನಪಾಗುತ್ತಿದ್ದ. ಅಪ್ಪ ಚಿಕ್ಕಬಸವಯ್ಯ, ಈಗ ಬಾಗಿಲು ಮುಚ್ಚಿರುವ ಒಂದು ಕಾರ್ಖಾನೆಯ ಪ್ಲೇಟಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ, ಲೋಹಕ್ಕೆ ಲೇಪ ಹತ್ತಿಸುವ ತೊಟ್ಟಿಯ ಆವಿ ಕುಡಿದವನು. ಕೊನೆಕೊನೆಗೆ ಅವನ ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿತ್ತು. ಉಸಿರಾಡಿದರೆ ಸಣ್ಣ ಸಿಳ್ಳಿನ ಸದ್ದು. ಬೈಕಿನ ಹ್ಯಾಂಡಲಿನ ಮೇಲೆ ಒಂದು ಹನಿ ಸೋರಿತೆಂದು ಅವನಿಗೆ ಮೆಮೊ ಕೊಟ್ಟಿದ್ದರು. ಅದನ್ನು ಓದಲು ಬಾರದೆ ಆರನೆಯ ಕ್ಲಾಸಿನ ಮಗನ ಮುಂದೆ ಹಿಡಿದಿದ್ದ. 'ಅಜಾಗರೂಕತೆ' ಎಂಬ ಪದವನ್ನು ಶಿವರಾಮು ಮೊದಲು ಓದಿದ್ದು ಅಲ್ಲಿ. ಅಮೆರಿಕದಲ್ಲೆಲ್ಲೋ ಇನ್ನೊಬ್ಬ ಕೂಲಿಯವನು ಸೋರಿಸಿದ ಹನಿಯನ್ನು ಈಗ ಚಿಕ್ಕಬಸವಯ್ಯನ ಮಗ ಉಸಿರು ಬಿಗಿಹಿಡಿದು ನಕಲು ಮಾಡುತ್ತಾನೆ, ಭೂತಗನ್ನಡಿ ಹಿಡಿದು ಅದನ್ನು ಮೆಚ್ಚುವವರಿದ್ದಾರೆ.

ಬೂಸ್ಟರಿನ ಮಾತೇ ಬೇರೆ. ಐವತ್ತೈದು ವರ್ಷದ ಜಿಡ್ಡು ಗಟ್ಟಿಯಾಗಿ ಹೊದ್ದುಕೊಂಡಿದ್ದರಿಂದ ಅದರ ಅಸಲಿ ಹೊನ್ನುಬಣ್ಣ ಒಳಗೆ ಉಳಿದುಬಿಟ್ಟಿತ್ತು. ಎರಡು ವಾರ ಹತ್ತಿಯ ಕಡ್ಡಿಯಲ್ಲಿ ಜಿಡ್ಡು ಬಿಡಿಸುತ್ತ ಬಂದವನಿಗೆ ಒಂದು ಮಧ್ಯಾಹ್ನ ಹಳದಿ ಗೆರೆಯೊಂದು ಕಂಡಿತು. ಮಾರನೆಯ ದಿನಕ್ಕೆ ಅದು ಅಂಕಿಯಾಯಿತು. ಕಾರ್ಖಾನೆಯಲ್ಲಿ ತಪಾಸಣೆ ಮಾಡಿದವನು ಮೇಣದ ಬಳಪದಲ್ಲಿ ಗೀಚಿದ ಗುರುತು: ಒಂದು ಏಳು, ಅದಕ್ಕಂಟಿಕೊಂಡು ಇಂಗ್ಲಿಷಿನ ಕೆ, ಆ ಕೆಯ ಕಾಲೇ ಕೈ ಎತ್ತದೆ ಹಿಂದಕ್ಕೆ ತಿರುಗಿ ಬಾಲದಂತೆ ಕೆಳಗೆರೆಯಾಗಿ ಓಡಿತ್ತು. ಮೋಹನ್ ಅಂದೇ ಸಂಜೆ ಶೆಡ್ಡಿಗೆ ಬಂದರು. ಫೋನಿನಲ್ಲಿ ಇಪ್ಪತ್ತು ಫೋಟೋ ತೆಗೆದರು. ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. "ಒಬ್ಬ ಮನುಷ್ಯನ ಕೈ ಕಣ್ರೀ ಇದು. ಇದೊಂದನ್ನ ಮಾತ್ರ ಮುಟ್ಬೇಡಿ. ನನ್ನ ಗೆಳೆಯ ದಿಲೀಪ್ ಬಂದು ನೋಡಿ ಸೈ ಅಂದ್ರೆ ಇಡೀ ಕಾರು ನಿಮ್ಮ ಶೆಡ್ಡಿಗೇ ಬರುತ್ತೆ, ಒಂದೂವರೆ ವರ್ಷದ ಕೆಲಸ." ಶಿವರಾಮು ತಲೆಯಾಡಿಸಿದ. ಅವನ ಕಣ್ಣು ಮೋಹನ್ ಅವರ ಕಣ್ಣಿನ ಮೇಲೇ ಇತ್ತು. ತನ್ನ ಕೈಯನ್ನು ನೋಡಿ ಯಾರಾದರೂ ಹಾಗೆ ಕಣ್ಣು ಒದ್ದೆ ಮಾಡಿಕೊಳ್ಳುವುದನ್ನು ಅವನಿಗೆ ಕಲ್ಪಿಸಿಕೊಳ್ಳಲಾಗಲಿಲ್ಲ.

ಆ ಗುರುತನ್ನು ಇವತ್ತು ಬೆಳಗಿನ ಜಾವ ಅವ್ವ ಒರೆಸಿಹಾಕಿದ್ದಳು. ಸೀಮೆಎಣ್ಣೆ ಬಟ್ಟೆಯಲ್ಲಿ ಒಂದು ಸಲ, ಒಣಬಟ್ಟೆಯಲ್ಲಿ ಇನ್ನೊಂದು ಸಲ. ಹೊನ್ನಿಗೆ ಏನೂ ಆಗಿರಲಿಲ್ಲ; ಗುರುತು ಮಾತ್ರ ಇಲ್ಲ. "ಕೂಸು ಗೀಚ್ಬುಟ್ಟಿತ್ತು ಕನಪ್ಪ, ಅವುಳ್ ಬಣ್ಣದ್ ಕಡ್ಡೀಲಿ. ದೊಡ್ಡೋರ್ ಸಾಮಾನು, ನೋಡುದ್ರೆ ಏನಂದಾರು ಅಂತ ನಾನೇ ಒರಸ್ಬುಟ್ಟೆ. ಕೀರ್ತಿಗೆ ಬೈಬ್ಯಾಡ," ಎಂದಳು. ಹೇಳುವಾಗ ಮುಖದಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಮೊಮ್ಮಗಳನ್ನೂ ಉಳಿಸಿದೆ, ಮಗನ ಮಾನವನ್ನೂ ಉಳಿಸಿದೆ ಎಂಬಂತೆ. ಆ ಹೆಮ್ಮೆಯನ್ನು ಕಂಡೇ ಇರಬೇಕು, ಶಿವರಾಮುವಿಗೆ ತಲೆಗೆ ಹತ್ತಿದ್ದು. "ಇನ್ನೂ ಎಷ್ಟ್ ವರ್ಸ ಅವುರ್ ಪಾತ್ರೆ ಉಜ್ಜೀಯೆ ನೀನು? ಉಜ್ಜಿ ಉಜ್ಜೀನೇ ಸಾಯಿ," ಎಂದ. ಅವ್ವ ಪುಟ್ಟಲಿಂಗಮ್ಮ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಯ ಅಂಚಿಗೆ ಇಟ್ಟು ಒಳಗೆ ಹೋದಳು. ಆ ಮಡಿಕೆಗಳಾದರೂ ಎಷ್ಟು ನೇರ.

ಪಡುವಾರಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಾಗ ಅವನು ನೆನಪಿನಲ್ಲಿ, ಅವ್ವ ಪಾತ್ರೆ ತೊಳೆಯಲು ಹೋಗುತ್ತಿದ್ದ ಲಕ್ಷ್ಮೀಪುರಂನ ಮನೆಯೊಂದರ ಹಿತ್ತಲಲ್ಲಿ ನಿಂತಿದ್ದ. ಏಳು ವರ್ಷದವನು. ಶಾಲೆಗೆ ರಜೆ. ಅವ್ವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹಂಡೆ, ತಪ್ಪಲೆ, ಸೌಟು ಉಜ್ಜಿ ತೊಳೆದು ಜಗಲಿಯ ಮೇಲೆ ಬೋರಲು ಹಾಕುತ್ತಾಳೆ. ಎದ್ದು ಹತ್ತು ಹೆಜ್ಜೆ ಹಿಂದೆ ಬರುತ್ತಾಳೆ. ಆಮೇಲೆ ಮನೆಯ ಯಜಮಾನಿ ಬಂದು, ತಂಬಿಗೆಯಲ್ಲಿ ನೀರು ತಂದು, ತೊಳೆದ ಪಾತ್ರೆಗಳ ಮೇಲೆ ಇನ್ನೊಂದು ಸಲ ಸುರಿದು ಒಳಗೆ ತೆಗೆದುಕೊಂಡು ಹೋಗುತ್ತಾರೆ. ಬೈಗುಳವಿಲ್ಲ, ಸಿಡುಕಿಲ್ಲ, ಹೂವಿನ ಗಿಡಕ್ಕೆ ಹಾಕಿದಂತೆ ನೀರು ಹಾಕುತ್ತಾರೆ. "ಯಾಕವ್ವ ಮತ್ತೆ ತೊಳೀತಾರೆ?" ಎಂದು ಕೇಳಿದ್ದಕ್ಕೆ ಅವ್ವ, "ನಾನು ಸರ್ಯಾಗ್ ತೊಳ್ದಿರಾಕಿಲ್ಲ ಕನ ಮಗ," ಎಂದಿದ್ದಳು. ಮಾರನೆಯ ದಿನದಿಂದ ಅವಳು ಪ್ರತಿ ಪಾತ್ರೆಯನ್ನೂ ಎರಡೆರಡು ಸಲ ಉಜ್ಜತೊಡಗಿದಳು. ತಂಬಿಗೆ ಬರುವುದು ನಿಲ್ಲಲಿಲ್ಲ. ಎರಡು ಸಲ ಉಜ್ಜುವುದೂ ನಿಲ್ಲಲಿಲ್ಲ. ಇಂದಿಗೂ ನಿಂತಿಲ್ಲ, ಶೆಡ್ಡಿನಿಂದ ಒಂದು ಬೋಲ್ಟು ಹೊರಗೆ ಹೋಗುವುದಿದ್ದರೂ ಸೆರಗಿನಲ್ಲಿ ಒರೆಸಿಯೇ ಕೊಡುತ್ತಾಳೆ. ಇದು ಗೊತ್ತಿದ್ದೂ ಬೂಸ್ಟರನ್ನು ಅವಳ ಕೈಗೆ ಎಟಕುವಲ್ಲಿ ಬಿಟ್ಟವನು ಯಾರು? ಹಿಂದಿನ ಕಾರು ಹಾರ್ನ್ ಮಾಡಿತು. ಶಿವರಾಮು ತಿರುಗಿ, "ಏಯ್, ನಿಮ್ಮಪ್ಪುಂದಾ ರಸ್ತೆ?" ಎಂದು ಕೂಗಿದ. ಕಾರಿನಲ್ಲಿದ್ದದ್ದು ವಯಸ್ಸಾದ ಹೆಂಗಸು. ಸಿಗ್ನಲ್ ಹಸಿರಾಗಿತ್ತು.

ಒಂಟಿಕೊಪ್ಪಲು ಕಳೆದು ಯಾದವಗಿರಿಯ ನೆರಳಿನ ರಸ್ತೆಗೆ ಹೊರಳಿದ ಮೇಲೆ ಸಿಟ್ಟಿಗೆ ಒಂದು ಭಯವೂ ಸೇರಿಕೊಂಡಿತು. ಈಗ ಪೆಟ್ಟಿಗೆಯೊಳಗಿನ ಬೂಸ್ಟರಿನ ಮೇಲೆ ಗುರುತು ಇತ್ತು. ಅವನೇ ಬರೆದದ್ದು. ಕೀರ್ತಿಯ ಡಬ್ಬಿಯ ಹಳದಿ ಕ್ರೆಯಾನನ್ನು ಬಿಸಿಮಾಡಿ, ದೀಪದ ಮಸಿ ಸೇರಿಸಿ, ಮತ್ತೆ ಕಡ್ಡಿ ಮಾಡಿ, ಮೋಹನ್ ತನ್ನ ಫೋನಿಗೆ ಕಳಿಸಿದ್ದ ಫೋಟೋ ಎದುರಿಗಿಟ್ಟುಕೊಂಡು ರದ್ದಿ ತಗಡಿನ ಮೇಲೆ ಹನ್ನೊಂದು ಸಲ ಬರೆದು ನೋಡಿದ್ದ. ಹನ್ನೊಂದೂ ಸತ್ತ ಗೆರೆಗಳು. ಅಷ್ಟರಲ್ಲಿ ಕೀರ್ತಿ ಒಳಗಿನಿಂದ, "ಅಪ್ಪಾ, ಶೂ ಲೇಸು! ವ್ಯಾನ್ ಬಂತು!" ಎಂದು ಕಿರುಚಿದಳು. "ಬಂದೆ ಕಣೇ" ಎನ್ನುತ್ತ ಅವನ ಕೈ ಬೂಸ್ಟರಿನ ಮೇಲೆ ಹಾಗೇ ಓಡಿಬಿಟ್ಟಿತು. ಲೇಸು ಕಟ್ಟಿ ಬಂದು ನೋಡಿದರೆ ಅದೇ ಏಳು, ಅದೇ ಕೆ, ಅದೇ ಓಡುವ ಬಾಲ. ಅವನಿಗೆ ನಗು ಬಂತು. ಒಳಗೆ ಅವ್ವ ಗೋಡೆ ಕಡೆ ತಿರುಗಿ ಮಲಗಿರುವಾಗ ತಾನು ಇಲ್ಲಿ ನಗುತ್ತ ನಿಂತದ್ದು ನೆನಪಾಗಿ ಈಗ ಮೈ ಬಿಸಿಯೇರಿತು. ಹೇಳಿಬಿಡಬೇಕೆ? ಹೇಳಿದರೆ ಒಂದೂವರೆ ವರ್ಷದ ಕೆಲಸ ಹೋಯಿತು. ಜೊತೆಗೆ, ಅವರಮ್ಮ ಒರೆಸಿಬಿಟ್ಟಳಂತೆ ಎಂಬ ಕಥೆ ಯಾದವಗಿರಿಯ ಹಾಲ್‌ಗಳಲ್ಲಿ ಓಡಾಡುತ್ತದೆ. ಹೇಳದಿದ್ದರೆ ಕೆಲಸ ಉಳಿಯುತ್ತದೆ. ಹೇಳುವುದಿಲ್ಲ ಎಂದುಕೊಂಡೇ ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿದ.

ಅಡುಗೆಯ ಸುಮಿತ್ರಮ್ಮ ಗೇಟು ತೆಗೆದಳು. "ಏನ್ ಶಿವರಾಮಣ್ಣ, ಬಾಂಬ್ ತಂದಂಗೆ ಹಿಡ್ಕೊಂಡಿದ್ದೀರಿ?"

"ಹೂಂ ಕಣಮ್ಮ, ದೂರ ನಿಂತ್ಕ."

"ಮಕ ನೋಡುದ್ರೆ ನೀವೇ ಬಾಂಬು," ಎಂದು ನಕ್ಕು ಒಳಗೆ ಹೋದಳು.

ಮನೆಯ ಪಕ್ಕದ ಎತ್ತರದ ಶೆಡ್ಡಿನಲ್ಲಿ ಕಾರು ಬಾನೆಟ್ಟಿಲ್ಲದೆ, ಚಕ್ರಗಳಿಲ್ಲದೆ, ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಮೋಹನ್ ಬಿಳಿಯ ಅಂಗಿಯಲ್ಲಿದ್ದರು. ಪಕ್ಕದಲ್ಲಿ ಅವರ ಕಾಲೇಜಿನ ಗೆಳೆಯ ದಿಲೀಪ್, ಹಳೆಯ ಕಾರುಗಳ ಸ್ಪರ್ಧೆಗಳಲ್ಲಿ ಯಾವುದು ಅಸಲಿ ಯಾವುದಲ್ಲ ಎಂದು ತೀರ್ಪು ಹೇಳುವವರು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ತೂಗುತ್ತಿತ್ತು. "ಬಾರಯ್ಯ ಶಿವರಾಮು, ಎಷ್ಟು ಹೊತ್ತು ನಿಂದು?" ಎಂದರು ಮೋಹನ್. ಮೂರು ವರ್ಷ 'ನೀವು, ಬನ್ನಿ, ಕೂತ್ಕೊಳ್ಳಿ' ಎಂದ ಬಾಯಿ. ಗೆಳೆಯನ ಎದುರು ಅಷ್ಟು ಸಲೀಸಾಗಿ ಬದಲಾದದ್ದನ್ನು ಕೇಳಿ, ತನಗೆ ಕೇಳಿಸಿದ್ದು ತಪ್ಪಿರಬೇಕೆಂದು ಶಿವರಾಮು ಒಂದು ಕ್ಷಣ ಅಂದುಕೊಂಡ. ಸುಮಿತ್ರಮ್ಮ ಕಾಫಿ ತಂದಳು. ಪಿಂಗಾಣಿ ಕಪ್ಪು ಎರಡು, ಕಾಗದದ ಲೋಟ ಒಂದು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಲೋಟಗಳಿಗೇ ತಂತಮ್ಮ ಜಾಗ ಗೊತ್ತಿತ್ತು.

ದಿಲೀಪ್ ಕೀಲುಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಸೂಪರ್. ಯಾರ್ ಮಾಡಿದ್ದು?"

"ನಮ್ಮ ಹುಡುಗ್ರೇ, ಇಲ್ಲೇ ಇಲವಾಲದಲ್ಲಿ," ಎಂದರು ಮೋಹನ್. ನಲವತ್ತನಾಲ್ಕು ವರ್ಷದ ಹುಡುಗ ಕಾಫಿಯ ಕೆನೆಯನ್ನು ತುಟಿಯಿಂದ ತೆಗೆದ.

ಆಮೇಲೆ ಬೂಸ್ಟರು. ದಿಲೀಪ್ ಅದನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟು, ಟಾರ್ಚು ಓರೆ ಹಿಡಿದು, ಭೂತಗನ್ನಡಿ ಹತ್ತಿರ ತಂದು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಶಿವರಾಮುವಿಗೆ ತನ್ನ ಕಿವಿಯೊಳಗೆ ಅಪ್ಪನ ಮೂಗಿನ ಸಿಳ್ಳು ಕೇಳಿಸಿತು. ದಿಲೀಪ್ ತಲೆಯೆತ್ತಿದಾಗ ಅವರ ಮುಖ ಮಗುವಿನಂತಾಗಿತ್ತು. "ಮೋಹನ್, ಇಲ್ನೋಡೋ. ಈ ಕೆ ಕಾಲು ನೋಡು. ಕೈ ಎತ್ತೇ ಇಲ್ಲ ಅವನು. ಲೈನ್ ಓಡ್ತಿದೆ, ಮುಂದಿನ ಪೀಸು ಬಂತು, ಇವನಿಗೆ ಟೈಮಿಲ್ಲ. ಇದನ್ನ ಯಾವನೂ ಕೂತ್ಕೊಂಡು ಬರೆಯಕ್ಕಾಗಲ್ಲ. ಫೇಕ್ ಮಾಡಕ್ಕೆ ಹೋದ್ರೆ ಫಸ್ಟು ಸಾಯೋದೇ ಈ ಅವಸರ."

"ಉಳೀತಲ್ಲ, ಅದೇ ದೊಡ್ಡದು," ಎಂದು ಮೋಹನ್ ನಗುತ್ತ ಗೆಳೆಯನ ಭುಜದ ಮೇಲೆ ಕೈಯಿಟ್ಟರು. "ನಂಗೆ ಇದ್ದ ಭಯ ಒಂದೇ. ಇವರಮ್ಮ ಇದಾರೆ ನೋಡು, ಶೆಡ್ಡಲ್ಲಿ ಏನು ಸಿಕ್ರೂ ತೊಳೀತಾ ಕೂತಿರ್ತಾರೆ. ಅವರ ಕೈಗೆ ಸಿಕ್ಕಿದ್ರೆ ಪಾತ್ರೆ ಪೌಡರ್ ಹಾಕಿ ಉಜ್ಜಿ ಬೋರಲು ಹಾಕ್ಬಿಡೋರು! ಈ ಜನಕ್ಕೆ ಹಳೇದು ಅಂದ್ರೆ ಕೊಳೆ ಅಂತ್ಲೇ ಲೆಕ್ಕ ಕಣೋ."

ಬೋರಲು ಎಂಬ ಪದ ಶೆಡ್ಡಿನ ತಗಡಿಗೆ ತಾಗಿ ಬಂದಂತೆ ಕೇಳಿಸಿತು. ಅವ್ವ ಹತ್ತು ಹೆಜ್ಜೆ ಹಿಂದೆ ಬಂದು ನಿಂತಿದ್ದಾಳೆ. ತಂಬಿಗೆ ಬಾಗುತ್ತಿದೆ. ತಾನೂ ಇವತ್ತು ಬೆಳಿಗ್ಗೆ ಅವಳಿಗೆ ಇದನ್ನೇ ಅಂದದ್ದು. ಅಕ್ಷರ ಬೇರೆ ಇರಬಹುದು, ಮಾತು ಇದೇ. ಮೋಹನ್ ನಗುತ್ತ ಅಂದರು, ತಾನು ಕೂಗಿ ಅಂದಿದ್ದ. ಕಾಗದದ ಲೋಟ ಮುಷ್ಟಿಯೊಳಗೆ ಮುದುಡಿ ಉಳಿದ ಕಾಫಿ ಬೆರಳ ಸಂದಿಯಿಂದ ಇಳಿಯಿತು.

"ಅದು ನಾನ್ ಬರ್ದಿದ್ದು ಸಾರ್," ಎಂದ ಶಿವರಾಮು.

ಇಬ್ಬರೂ ತಿರುಗಿದರು.

"ಅಸಲಿ ಇಲ್ಲ. ಹೋಯ್ತು. ನಮ್ಮವ್ವ ಇವತ್ತು ಬೆಳಿಗ್ಗೆ ಒರಸುದ್ಲು. ನನ್ ಮಗಳು ಗೀಚವ್ಳೆ ಅನ್ಕೊಂಡು ಒರಸುದ್ಲು. ಆಮೇಲೆ ನಾನು ಬರ್ದೆ." ಜೇಬಿನಿಂದ ಕ್ರೆಯಾನ್ ತುಂಡು ತೆಗೆದು ಮೇಜಿನ ಮೇಲಿಟ್ಟ. "ಇದ್ರಲ್ಲಿ."

ಮೋಹನ್ ಅವರ ಮುಖದ ರಕ್ತ ಇಳಿಯಿತು. ದಿಲೀಪ್ ಮಾತ್ರ ನಿಧಾನವಾಗಿ ಕ್ರೆಯಾನನ್ನು ಎತ್ತಿಕೊಂಡು, ಮೂಸಿ, ಮತ್ತೆ ಭೂತಗನ್ನಡಿ ಹಿಡಿದು ಗುರುತಿನ ಮೇಲೆ ಬಗ್ಗಿದರು. ಎದ್ದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ದಯೆ ಇತ್ತು. "ಇಪ್ಪತ್ತು ವರ್ಷದಿಂದ ಇದೇ ನೋಡ್ತಿದೀನಿ ಶಿವರಾಮು, ಇದು ಅಸಲೀನೇ. ನಿನ್ನ ಕೀಲುಗಳಿಗೆ ಫುಲ್ ಮಾರ್ಕ್ಸ್. ಸಾಲ್ದಾ?"

"ಸುಳ್ಳು ಹೇಳ್ತಿಲ್ಲ ಸಾರ್ ನಾನು."

"ಸರಿ, ಬರಿ ಹಾಗಾದ್ರೆ." ಹಳೆಯ ನಂಬರ್ ಪ್ಲೇಟೊಂದನ್ನು ಮಗುಚಿ ಅವನ ಮುಂದೆ ತಳ್ಳಿದರು. "ಬರಿ. ನೋಡೋಣ."

ಶಿವರಾಮು ಕ್ರೆಯಾನ್ ಹಿಡಿದ. ಕೈ ಅಂಟಂಟಾಗಿತ್ತು. ಏಳು ಬರೆದ. ಎರಡು ಜೊತೆ ಕಣ್ಣು ಅವನ ಗೆಣ್ಣುಗಳ ಮೇಲೆ. ಬಾಗಿಲಲ್ಲಿ ಸುಮಿತ್ರಮ್ಮನೂ ನಿಂತಳು. ಕೆಯ ಬೆನ್ನು ಎಳೆಯುವಾಗ ಮಣಿಕಟ್ಟು ಬಿಗಿದುಕೊಂಡಿತು. ಸರಿಯಾಗಿ ಬರೆಯಬೇಕು ಎಂದು ತಲೆ ಹೇಳಿತು. ಹಾಗೆ ಹೇಳಿದ ಕೂಡಲೇ ಗೆರೆ ನಿಂತಿತು, ನಡುಗಿತು, ಮತ್ತೆ ಹೊರಟಿತು. ಬಾಲ ಎಳೆಯುವ ಮುಂಚೆ ಬಳಪ ಮುರಿಯಿತು. ತಗಡಿನ ಮೇಲೆ ಒಂದನೆಯ ಕ್ಲಾಸಿನ ಮಗುವಿನ ಅಕ್ಷರ ಬಿದ್ದಿತ್ತು. ಇನ್ನೊಂದು ಬರೆದ. ಅದು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಮೆಮೊ ಹಿಡಿದು ನಿಂತ ಅಪ್ಪನೂ ಹೀಗೇ, ಏನು ಹೇಳಿದರೂ ತನ್ನ ಮೇಲೆಯೇ ಬೀಳುತ್ತದೆಂದು ಗೊತ್ತಾಗಿ, ಬಾಯಿ ಅರ್ಧ ತೆರೆದು ನಿಂತಿರಬೇಕು.

ಮೋಹನ್ ಜೋರಾಗಿ ಉಸಿರು ಬಿಟ್ಟು ನಕ್ಕುಬಿಟ್ಟರು. "ಅಯ್ಯೋ ಮಾರಾಯ, ಎದೆ ಒಡೆಸ್ಬಿಟ್ಟಿದ್ದೆ! ಹೆಸರು ಬರ್ಲಿ ಅಂತಾನಾ ಹಿಂಗೆಲ್ಲ? ಹೇಳಿದ್ರೆ ಕಾರ್ ಮುಂದೆ ಇಡೋ ಬೋರ್ಡಲ್ಲಿ ನಿನ್ನ ಹೆಸರೂ ಹಾಕಿಸ್ತಿದ್ನಪ್ಪ."

"ಬಿಡೋ," ಎಂದರು ದಿಲೀಪ್ ಮೆಲ್ಲಗೆ. "ಒಳ್ಳೆ ಕೆಲಸಗಾರ. ಆಸೆ ಇರುತ್ತೆ."

"ಮುಂದಿನ ವಾರ ಲಾರಿ ಕಳಿಸ್ತೀನಿ. ಇಡೀ ಕಾರಿನ ಕೆಲಸ ನಿಂದೇ, ಆಯ್ತಾ?" ಎಂದರು ಮೋಹನ್.

ಆಯ್ತು ಎಂದನೋ ಇಲ್ಲವೋ ಶಿವರಾಮುವಿಗೆ ತಿಳಿಯಲಿಲ್ಲ. ಬೇಕಾದದ್ದು ಸಿಕ್ಕಿತ್ತು. ಸತ್ಯ ಹೇಳಿ, ಸುಳ್ಳುಗಾರನೆನಿಸಿಕೊಂಡು, ಕ್ಷಮೆಯೂ ಸಿಕ್ಕಿ, ಕೆಲಸವೂ ಸಿಕ್ಕಿತ್ತು. ಅವ್ವ ತೊಳೆದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಅವರ ಪಾಲಿಗೆ ಅವಳು ತೊಳೆದೇ ಇರಲಿಲ್ಲ. ತಾನು ಬರೆದೂ ಇರಲಿಲ್ಲ. ಖಾಲಿ ಪೆಟ್ಟಿಗೆ, ಕಂಬಳಿ ಎತ್ತಿಕೊಂಡು ಗೇಟಿನವರೆಗೆ ಬಂದ. ಸ್ಕೂಟರು ಚಾಲೂ ಮಾಡಿದ. ಒಂದು ಕಾಲು ನೆಲದ ಮೇಲೆ, ಎಡಗೈ ಬ್ರೇಕಿನ ಮೇಲೆ. ಕಾಂಪೌಂಡಿನ ಕಂಬಕ್ಕೆ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರು. ಮುರಿದ ಕ್ರೆಯಾನಿನ ತುಂಡು ಬಲಗೈಯಲ್ಲೇ ಇತ್ತು, ಬಿಸುಡಲು ಕೈ ಎತ್ತಿದ್ದ. ಬಿಸುಡಲಿಲ್ಲ. ಕಂಬದ ಮೇಲೆ ಗೀಚಿದ: ಏಳು, ಕೆ, ಬಾಲ. ನೋಡಲೂ ಇಲ್ಲ, ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಕೈಯಗಲದ ಅಕ್ಷರಗಳು, ಒಂದರಂತೆ ಇನ್ನೊಂದು, ಎಲ್ಲಿಯೂ ಕೈ ಎತ್ತದೆ, ಮುಂದಿನದಕ್ಕೆ ಹೊತ್ತಾಯಿತೆಂಬಂತೆ ಓಡಿದವು.

"ಏಯ್, ಏನ್ ಮಾಡ್ತಿದೀಯ!" ಶಿವರಾಮು ಮೇಜಿನ ಮೇಲೆ ಮರೆತುಬಂದ ಫೋನನ್ನು ಕೊಡಲು ಹಿಂದೆಯೇ ಬಂದಿದ್ದ ಮೋಹನ್ ಗೇಟಿನಲ್ಲಿ ನಿಂತರು. ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು. ಮೊದಲನೆಯ ಗುರುತು ನೋಡಿದರು. ಎರಡನೆಯದನ್ನು ನೋಡಿದರು. ಶೆಡ್ಡಿನ ಕಡೆ ಒಮ್ಮೆ ತಿರುಗಿದರು. ಅಲ್ಲಿ ದಿಲೀಪ್ ಇನ್ನೂ ಬೂಸ್ಟರಿನ ಮೇಲೆ ಬಗ್ಗಿಕೊಂಡೇ ಇದ್ದರು. ಶಿವರಾಮು ಕೈಚಾಚಿ ತನ್ನ ಫೋನು ತೆಗೆದುಕೊಂಡ.

"ಶಿವರಾಮು... ನೀವು ಇದನ್ನ..." ಮೋಹನ್ ಅವರ ದನಿ ತಗ್ಗಿತು. "ದಿಲೀಪ್ ಈಗ ಹೊರಗೆ ಬರ್ತಾನೆ ಕಣ್ರೀ, ಇದನ್ನ ನೋಡ್ಬಾರ್ದು."

ಮೊದಲು ಅಂಗೈಯಲ್ಲಿ ಉಜ್ಜಿದರು. ಮೇಣ ಹರಡಿತು. ಆಮೇಲೆ ಅಂಗಿಯ ತೋಳನ್ನು ಕೆಳಗೆಳೆದುಕೊಂಡು, ಮೊಣಕಾಲೂರಿ, ಎರಡೂ ಕೈಯಲ್ಲಿ ಒರೆಸತೊಡಗಿದರು. ಬಿಳಿಯ ಕಂಬದ ಮೇಲೆ ಹಳದಿ ಅಗಲವಾಗುತ್ತ ಹೋಯಿತು, ತೋಳಿಗೂ ಹತ್ತಿತು.

"ಹಂಗೆ ಹೋಗಾಕಿಲ್ಲ ಸಾರ್ ಅದು," ಎಂದ ಶಿವರಾಮು. "ಎಂಗೆ ತೆಗೀಬೇಕು ಅಂತ ನಮ್ಮವ್ವುಂಗ್ ಗೊತ್ತು."

"ಏನ್ ಹಾಕ್ಬೇಕು? ಹೇಳ್ರಿ ಬೇಗ."

ಶಿವರಾಮು ಸ್ಕೂಟರನ್ನು ಆರಿಸಿ, ಸ್ಟ್ಯಾಂಡ್ ಹಾಕಿ, ಕೈಕಟ್ಟಿ ನೋಡುತ್ತ ನಿಂತ.